ನನ್ನದೇನಿದೆ ಇದರಲ್ಲಿ

ಆ ಫೋನ್ ಬಂದಾಗ ಮಾಸ್ಟರಮ್ಮನ ಬಲಗೈಯಲ್ಲಿ ಸೀಮೆಸುಣ್ಣವಿತ್ತು, ತುಟಿಗಳ ನಡುವೆ ಗುಂಡುಸೂಜಿಗಳಿದ್ದವು. ಬಾಯಲ್ಲಿ ಸೂಜಿ ಇಟ್ಟುಕೊಂಡು ಮಾತಾಡಬಾರದೆಂದು ಊರಿಗೆಲ್ಲ ಬುದ್ಧಿ ಹೇಳುವವಳು ಅವಳೇ. ಆದರೂ ಹಳೇ ಕಂಪನಿಯ ನಂಬರು ಕಂಡ ಖುಷಿಗೆ ಸೂಜಿ ಕಚ್ಚಿಕೊಂಡೇ "ಹಲೋ" ಅಂದಳು. ಜೊತೆಯವರು ಯಾರೋ ನೆನಪು ಮಾಡಿಕೊಂಡರು ಅಂದುಕೊಂಡಿದ್ದಳು, ಪಾಪ.

ಮಾತಾಡಿದ್ದು ಆಫೀಸಿಗೆ ಹೊಸದಾಗಿ ಸೇರಿದ್ದ ಹೆಂಗಸು. "ಮೇಡಂ, ಕೆಲಸ ಬಿಡುವಾಗ ಕಂಪನಿಯದ್ದು ಏನಾದ್ರೂ ನಿಮ್ಮ ಹತ್ರ ಉಳ್ಕೊಂಡಿದೆಯಾ?"

"ಅಯ್ಯೋ, ಒಂದು ಗುಂಡಿ ಕೂಡ ಇಲ್ಲಮ್ಮ. ಕತ್ತರಿ ನಂದೇ, ಟೇಪೂ ನಂದೇ. ಬೇಕಾದ್ರೆ ಬಂದು ನೋಡ್ಕೊಳ್ಳಿ."

"ವಸ್ತು ಅಲ್ಲ ಮೇಡಂ, ಡಿಸೈನು. ಆ ಈಸಿ ತೋಳು ಇದೆಯಲ್ಲ, ಅದು ಕಂಪನಿ ಸೊತ್ತು. ನೀವು ಹೊರಗಡೆ ಅದನ್ನ ಕತ್ತರಿಸೋ ಹಾಗಿಲ್ಲ ಅಂತ ಲಾಯರ್ ಹೇಳ್ತಿದ್ದಾರೆ. ಗುರುವಾರ ಬಂದು ಚಿಕ್ಕ ಮೇಡಂ ಹತ್ರ ಮಾತಾಡಿ ಹೋಗಬೇಕಂತೆ."

ಮೇಜಿನ ಮೇಲೆ ಹರಡಿದ್ದ ಬಿಳಿ ಬಟ್ಟೆಯಲ್ಲಿ ಆಗಷ್ಟೇ ಸುಣ್ಣದಿಂದ ಬರೆದು ಮುಗಿಸಿದ್ದು ಅದೇ ತೋಳು. ಫೋನಿನ ಆ ಕಡೆಯವರಿಗೆ ಕಂಡೀತೇನೋ ಎಂಬಂತೆ ಬಟ್ಟೆಯನ್ನು ಸರ್ರನೆ ಮಗುಚಿ ಹಾಕಿದಳು. ಆಮೇಲೆ ತನ್ನ ಬೆಪ್ಪುತನಕ್ಕೆ ತಾನೇ ನಾಚಿಕೊಂಡಳು.

ಈ ಹೆಸರಿನ ವಿಷಯ ಮೊದಲು ಹೇಳಿಬಿಡಬೇಕು. ಬಟ್ಟೆ ಹೊಲಿಯುವ ಕಾರ್ಖಾನೆಗಳಲ್ಲಿ ಅಂಗಿಯ ಒಂದೊಂದು ಭಾಗವನ್ನೂ ರಟ್ಟಿನ ಮೇಲೆ ಬರೆದು, ಕತ್ತರಿಸಿ ಕೊಡುವವನಿಗೆ ಮಾಸ್ಟರ್ ಅನ್ನುತ್ತಾರೆ. ಅವನು ಕೊಟ್ಟ ರಟ್ಟನ್ನು ಬಟ್ಟೆಯ ಮೇಲಿಟ್ಟು ಉಳಿದವರು ಸಾವಿರಾರು ಅಂಗಿ ತೆಗೆಯುತ್ತಾರೆ. ಆ ಜಾಗಕ್ಕೆ ಹೆಂಗಸೊಬ್ಬಳು ಬಂದು ಕೂತಾಗ ಟೈಲರುಗಳಿಗೆ ಏನೆಂದು ಕರೆಯಬೇಕೋ ತೋಚಲಿಲ್ಲ. ಯಾರೋ ತಮಾಷೆಗೆ "ಮಾಸ್ಟರಮ್ಮ" ಅಂದರು, ಅದೇ ಗಟ್ಟಿಯಾಯಿತು. ಹೊಲಿಗೆ ಮಿಷನ್ ರಿಪೇರಿ ಮಾಡುವ ಅವಳ ಗಂಡ ಕೂಡ, ಜಗಳ ಬಂದಾಗ ಮಾತ್ರ, ಅವಳನ್ನು ಹಾಗೇ ಕರೆಯುತ್ತಿದ್ದ.

ಇನ್ನು ಆ ತೋಳಿನ ವಿಷಯ. ಮಾಸ್ಟರಮ್ಮನಿಗೊಬ್ಬಳು ಅಕ್ಕ, ಶಾಲೆಯಲ್ಲಿ ಗಣಿತದ ಟೀಚರು. ಅವಳು ಮೆಟ್ಟಿಲಿನಿಂದ ಜಾರಿ ಬಿದ್ದು ಬಲಭುಜ ಹಿಡಿದುಕೊಂಡ ಮೇಲೆ ಕೈ ಎತ್ತುವುದೇ ಒಂದು ಸಾಹಸವಾಯಿತು. ಹೇಗೋ ಹಲ್ಲು ಕಚ್ಚಿ ಎತ್ತಿದರೂ ಶಾಲೆಯ ಕೋಟು ಬಿಡುತ್ತಿರಲಿಲ್ಲ. ಕಂಕುಳಲ್ಲಿ ಬಿಗಿದು ಅರ್ಧ ದಾರಿಯಲ್ಲೇ ಹಿಡಿದು ನಿಲ್ಲಿಸುತ್ತಿತ್ತು. ಹಾಗಾಗಿ ಅಕ್ಕ ಬೋರ್ಡಿನ ಕೆಳಗಿನ ಅರ್ಧದಲ್ಲಷ್ಟೇ ಲೆಕ್ಕ ಬರೆಯತೊಡಗಿದಳು. ಹಿಂದಿನ ಬೆಂಚಿನ ಮಕ್ಕಳಿಗೆ ಏನೂ ಕಾಣುತ್ತಿರಲಿಲ್ಲ, ಅವರಿಗೆ ಅದರಿಂದ ಬೇಜಾರೇನೂ ಆಗಲಿಲ್ಲ. ಬೇಜಾರಾದದ್ದು ಹೆಡ್‌ಮಾಸ್ಟರಿಗೆ. ಕೆಲಸ ಬಿಡುವ ಮಾತು ಬಂತು.

ಆಗ ಮಾಸ್ಟರಮ್ಮ ಇನ್ನೂ ಮಾಸ್ಟರಮ್ಮ ಆಗಿರಲಿಲ್ಲ, ಮನೆಯಲ್ಲೇ ಅಕ್ಕಪಕ್ಕದವರ ಬಟ್ಟೆ ಹೊಲಿಯುತ್ತಿದ್ದಳು. ಅಕ್ಕನ ಕೋಟನ್ನು ಊಟದ ಮೇಜಿನ ಮೇಲೆ ಹಾಕಿಕೊಂಡು ಬಿಚ್ಚಿದಳು, ಹೊಲಿದಳು, ಮತ್ತೆ ಬಿಚ್ಚಿದಳು. ಬೈಸಿಕೊಳ್ಳುತ್ತಾ, ಬಟ್ಟೆ ಹಾಳು ಮಾಡುತ್ತಾ ಕೊನೆಗೊಂದು ದಾರಿ ಕಂಡಳು. ಕಂಕುಳಿನ ಕೊರೆತವನ್ನು ಮೇಲಕ್ಕೆ ತಂದು, ತೋಳಿನ ತಲೆಯನ್ನು, ಅಂದರೆ ಭುಜಕ್ಕೆ ಕೂಡುವ ಮೇಲಿನ ಕಮಾನನ್ನು, ತಗ್ಗಿಸಿದರೆ, ಕೈ ಮೇಲೆ ಹೋದಾಗ ಕೋಟು ತನ್ನಷ್ಟಕ್ಕೆ ತಾನು ಇರುತ್ತಿತ್ತು. ಆದರೆ ಕೈ ಕೆಳಗಿಳಿಸಿದಾಗ ಭುಜದ ಮುಂದೆ ಬಟ್ಟೆ ಗುಪ್ಪೆಯಾಗಿ ನಿಲ್ಲುತ್ತಿತ್ತು, ನೋಡುವುದಕ್ಕೆ ಅಸಹ್ಯ. ಅಕ್ಕ ಅದಕ್ಕೆಲ್ಲ ಸೊಪ್ಪು ಹಾಕಲಿಲ್ಲ. "ಕೈ ಮೇಲೆ ಹೋದ್ರೆ ಸಾಕು ಕಣೇ, ಈ ವಯಸ್ಸಲ್ಲಿ ನನ್ನ ಚಂದ ಯಾರು ನೋಡ್ತಾರೆ?" ಅಂದು ಹಾಕಿಕೊಂಡು ಹೋದಳು. ಬೋರ್ಡಿನ ತುದಿಯಿಂದ ಲೆಕ್ಕ ಶುರುವಾಯಿತು.

ಕಂಪನಿಗೆ ಸೇರಿದ ಹೊಸದರಲ್ಲಿ ಅಲ್ಲಿನ ಯಜಮಾನರು "ಏನಾದ್ರೂ ಹೊಸದು ತೋರ್ಸಮ್ಮ" ಅಂದಾಗ ಮಾಸ್ಟರಮ್ಮ ಆ ಕೋಟನ್ನೇ ತಂದಳು. ತಂದವಳು ಈ ಕಸುಬಿನವರೆಲ್ಲ ಮಾಡುವುದನ್ನೇ ಮಾಡಿದಳು. ಹೊಲಿಗೆಗಳನ್ನೆಲ್ಲ ಬಿಚ್ಚಿ, ತುಂಡುಗಳನ್ನು ಇಸ್ತ್ರಿ ಮಾಡಿ, ರಟ್ಟಿನ ಮೇಲೆ ಹಾಸಿ, ಸುತ್ತ ಗೆರೆ ಎಳೆದಳು. ಬಿಚ್ಚಿದ ಕೋಟಿಗೆ ಮತ್ತೆ ಜೀವ ಕೊಡುವವರು ಯಾರು? ಅದು ಮಿಷನ್ನಿನ ಎಣ್ಣೆ ಒರೆಸುವ ಬಟ್ಟೆಯಾಯಿತು. ಅಕ್ಕನಿಗೆ ಹೊಸದೊಂದು ಹೊಲಿದುಕೊಟ್ಟಳು.

ಸ್ಯಾಂಪಲ್ ಹೊಲಿಯುತ್ತಿದ್ದ ಟೈಲರನ್ನು ಎಲ್ಲರೂ ಕನ್ನಡಕ ಅನ್ನುತ್ತಿದ್ದರು. ಸೋಡಾ ಬಾಟಲಿಯ ತಳದಷ್ಟು ದಪ್ಪ ಗಾಜು, ಅದನ್ನೂ ಮೂಗಿನ ತುದಿಯಲ್ಲಿಟ್ಟುಕೊಂಡು ಬಟ್ಟೆಯೊಳಗೆ ಮುಖ ಹುದುಗಿಸಿ ಹೊಲಿಯುವವನು; ದಿನಕ್ಕೆ ನಾಲ್ಕು ಮಾತಾಡಿದರೆ ಅವತ್ತು ಹಬ್ಬ. ಅವನು ಆ ತೋಳು ಕೂಡಿಸಿದ, ಗೊಂಬೆಗೆ ತೊಡಿಸಿದ, ಭುಜದ ಮುಂದಿನ ಗುಪ್ಪೆಯನ್ನು ನೋಡಿದ. ಯಾರನ್ನೂ ಕೇಳದೆ ತೋಳನ್ನು ಬಿಚ್ಚಿ, ಒಂದು ಬೆರಳಿನಷ್ಟು ಮುಂದಕ್ಕೆ ತಿರುಗಿಸಿ ಮತ್ತೆ ಕೂಡಿಸಿದ. ಗುಪ್ಪೆ ಮಾಯವಾಯಿತು. "ಹೀಗಿದ್ರೆ ಆಗಲ್ವಾ ಮಾಸ್ಟರಮ್ಮ?" ಅಂದ. ಅವಳು ಬಾಯಿ ಬಿಟ್ಟುಕೊಂಡು ನೋಡಿದಳು, ಆಮೇಲೆ ಅದಕ್ಕೆ ಸರಿಯಾಗಿ ರಟ್ಟು ತಿದ್ದಿದಳು. ಆ ಒಂದು ಬೆರಳಿನ ತಿರುವು ಇಲ್ಲದೆ ಹೋಗಿದ್ದರೆ ಆ ತೋಳು ಅಕ್ಕನೊಬ್ಬಳ ಮೈಮೇಲೆ ಉಳಿಯುತ್ತಿತ್ತು, ಅಂಗಡಿಗೆ ಹೋಗುತ್ತಿರಲಿಲ್ಲ. ಇದು ಮಾಸ್ಟರಮ್ಮನಿಗೂ ಗೊತ್ತು, ಕನ್ನಡಕನಿಗೂ ಗೊತ್ತು. ಮೂರನೆಯವರಿಗೆ ಹೇಳುವ ಸಂದರ್ಭ ಬರಲಿಲ್ಲ.

ತೋಳು ಹೆಸರು ಮಾಡಿತು. ದಾದಿಯರು, ಗೋಡೆಗೆ ಬಣ್ಣ ಹೊಡೆಯುವವರು, ಅಂಗಡಿಗಳ ಮೇಲಿನ ಕಪಾಟಿಗೆ ಸಾಮಾನು ಏರಿಸುವವರು, ಹೀಗೆ ಕೈ ಎತ್ತಿ ದುಡಿಯುವವರೆಲ್ಲ ಆ ಕಂಪನಿಯ ಕೋಟನ್ನೇ ಕೇಳತೊಡಗಿದರು. ಯಜಮಾನರು ಒಂದು ಸಭೆ ಮಾಡಿ, ಮಾಸ್ಟರಮ್ಮನನ್ನು ವೇದಿಕೆಗೆ ಕರೆದು, ಗೋಡೆ ಗಡಿಯಾರ ಕೊಟ್ಟು, ಕೈಗೆ ಮೈಕು ಕೊಟ್ಟರು. ಮಾಸ್ಟರಮ್ಮನಿಗೆ ಕಾಲು ಕಟ್ಟಿಹಾಕಿದಂತಾಯಿತು. "ಇದರಲ್ಲಿ ನನ್ನದೇನಿದೆ? ಎಲ್ಲ ಕಂಪನಿಯದೇ. ಇಲ್ಲೇ ಹುಟ್ಟಿದ್ದು, ಇಲ್ಲೇ ಬೆಳೆದದ್ದು" ಅಂದು ಕೂತುಬಿಟ್ಟಳು. ಚಪ್ಪಾಳೆಯೋ ಚಪ್ಪಾಳೆ. ಹೊಗಳಿಸಿಕೊಂಡವರು ನಮ್ಮಲ್ಲಿ ಹಾಗನ್ನಲೇಬೇಕು. "ಹೌದು, ನಾನೇ ಮಾಡಿದ್ದು" ಅಂದವರನ್ನು ಯಾರಾದರೂ ಇನ್ನೊಂದು ಸಲ ಮೈಕಿನ ಹತ್ತಿರ ಬಿಟ್ಟುಕೊಂಡಾರೆಯೇ? ಆದರೆ ಅವತ್ತು ಯಾರೋ ಅದನ್ನೆಲ್ಲ ವಿಡಿಯೋ ಮಾಡಿದ್ದರು. ಕಂಪನಿ ಅದನ್ನು ತನ್ನ ಜಾಹೀರಾತಿಗೂ ಹಾಕಿಕೊಂಡಿತು. ಮಾಸ್ಟರಮ್ಮನ ಮನೆಯವರೆಲ್ಲ ಅದನ್ನು ನೋಡಿ ಹಿಗ್ಗಿದ್ದರು.

ಯಜಮಾನರು ತೀರಿಕೊಂಡರು, ಅವರ ಮಗಳು ಚಿಕ್ಕ ಮೇಡಂ ಬಂದು ಕೂತಳು. ಕೆಟ್ಟವಳಲ್ಲ, ಕೆಲಸ ತಿಳಿದವಳು, ಆದರೆ ಎಲ್ಲವೂ ಕಾಗದದ ಮೇಲೆ ಇರಬೇಕು ಅನ್ನುವವಳು. ಮಾಸ್ಟರಮ್ಮನಿಗೂ ಸ್ವಂತದ್ದೊಂದು ಮಾಡುವ ಆಸೆ ಮೊದಲಿನಿಂದ ಇತ್ತು. ಜಗಳವಿಲ್ಲದೆ, ಕಣ್ಣೀರಿನ ಜೊತೆಗೇ, ಬಿಟ್ಟು ಬಂದಳು. ಬೀಗದ ಕೈ ಮಾಡುವವನ ಅಂಗಡಿಗೂ ಜೆರಾಕ್ಸ್ ಅಂಗಡಿಗೂ ನಡುವೆ ಒಂದೇ ಶಟರಿನ ಕೋಣೆ ಹಿಡಿದಳು. ಗಂಡ ಹಳೇ ಮಿಷನ್ನುಗಳನ್ನು ಜೋಡಿಸಿ ನಿಲ್ಲಿಸಿದ. ಪಕ್ಕದ ಬೀದಿಯ ಆಸ್ಪತ್ರೆಯ ದಾದಿಯರು ಕೋಟು ಹೊಲಿಯಲು ಕೊಟ್ಟರು. ಅವರು ಹುಡುಕಿಕೊಂಡು ಬಂದದ್ದೇ ಆ ತೋಳಿಗಾಗಿ. ಅದಿಲ್ಲ ಅಂದರೆ ಮೂಲೆ ಮೂಲೆಗೊಬ್ಬ ಟೈಲರ್ ಇರುವ ಊರಿನಲ್ಲಿ ಇವಳನ್ನು ಯಾರು ಕೇಳುತ್ತಿದ್ದರು?

ಹೀಗಿರುವಾಗ ಆ ಫೋನ್ ಬಂತು.

ಗುರುವಾರದವರೆಗೂ ಮಾಸ್ಟರಮ್ಮನ ಜೀವ ಜೀವದಲ್ಲಿರಲಿಲ್ಲ. ಅಂಗಡಿಯ ಮುಂದೆ ಯಾರಾದರೂ ನಿಂತರೆ ಲಾಯರೇ ಬಂದನೇನೋ ಅನ್ನಿಸುತ್ತಿತ್ತು. ಬೀಗದ ಕೈಯವನು ಸುತ್ತಿಗೆ ಎತ್ತಿದರೂ ಬೆಚ್ಚುತ್ತಿದ್ದಳು. ಇದ್ಯಾವುದರ ಗೊಡವೆಯೇ ಬೇಡ, ಸಾದಾ ತೋಳನ್ನೇ ಹಾಕಿಕೊಡೋಣ ಅಂದುಕೊಂಡು ಹೊಸ ಬಟ್ಟೆ ಹರಡಿದಳು. ಸುಣ್ಣ ಹಿಡಿದದ್ದೇ ತಡ, ಕೈ ಕಂಕುಳನ್ನು ಮೇಲಕ್ಕೆ ಎತ್ತಿತು, ತಲೆಯನ್ನು ತಗ್ಗಿಸಿತು, ಒಂದು ಬೆರಳಿನಷ್ಟು ಮುಂದಕ್ಕೆ ತಿರುಗಿತು. ಒರೆಸಿದಳು. ಮತ್ತೆ ಬರೆದಳು, ಮತ್ತೆ ಅದೇ. ಎದುರು ಮನೆಯವರ ಹಳೇ ಅಂಗಿ ಇಸಿದುಕೊಂಡು, ಅದರ ತೋಳನ್ನು ಕಣ್ಣೆದುರು ಇಟ್ಟುಕೊಂಡು, ಕಲಿಯುವವರ ಹಾಗೆ ನೋಡಿ ನೋಡಿ ಬರೆದಳು. ಇಷ್ಟು ವರ್ಷ ಕಷ್ಟಪಟ್ಟು ಕಲಿತದ್ದನ್ನು ಹೀಗೆ ಕಷ್ಟಪಟ್ಟು ಮರೆಯಬೇಕಾಗಿ ಬಂದದ್ದಕ್ಕೆ ಅವಳಿಗೆ ಅಳು ಬಂತು.

ಆ ಸಾದಾ ತೋಳಿನ ಕೋಟನ್ನು ಅಕ್ಕನಿಗೆ ತೊಡಿಸಿ ನೋಡಿದಳು. ಅಕ್ಕ ಬಲಗೈ ಎತ್ತಿದಳು, ಕಿವಿಯ ಹತ್ತಿರ ಬರುವಷ್ಟರಲ್ಲಿ ಕೋಟು ಹಿಡಿದುಕೊಂಡಿತು. ಅಕ್ಕ ನೋವಿಗೆ ಮುಖ ಕಿವುಚಿದಳು.

"ಇದ್ಯಾವ ದರಿದ್ರ ತೋಳೇ? ನಿನಗೇನು ತಲೆಗಿಲೆ ಕೆಟ್ಟಿದೆಯಾ?"

"ಇನ್ಮೇಲೆ ಹೀಗೇ ಅಕ್ಕ. ಆ ತೋಳು ಅವರದ್ದಂತೆ."

"ಯಾರದ್ದಂತೆ? ಬಿದ್ದಿದ್ದು ನಾನು, ಭುಜ ನಂದು, ಹೊಲಿದಿದ್ದು ನೀನು. ಮಧ್ಯದಲ್ಲಿ ಅವರು ಯಾವಾಗ ಬಂದ್ರು? ಗುರುವಾರ ನಾನೂ ಬರ್ತೀನಿ, ನೋಡೋಣ ಅದ್ಯಾರು ಅಂತಾರೆ!"

"ನೀನು ಬಂದ್ರೆ ಹೆಡ್‌ಮಾಸ್ಟರನ್ನ ಬೈದ ಹಾಗೆ ಬೈತೀಯ. ಬೇಡ ಮಾರಾಯ್ತಿ" ಅಂದಳು ಮಾಸ್ಟರಮ್ಮ. ನಗಬೇಕೆಂದುಕೊಂಡಳು, ಆಗಲಿಲ್ಲ.

ಗಂಡನ ರೀತಿ ಬೇರೆ. ಅವನಿಗೆ ಕೆಟ್ಟ ಮಿಷನ್ ಸಿಕ್ಕಿದರೆ ಎಷ್ಟು ಖುಷಿಯೋ, ಈ ಗೋಜಲೂ ಅಷ್ಟೇ ಖುಷಿ ಕೊಟ್ಟಿತ್ತು. ಬೆಳಿಗ್ಗೆ ಟೀ ಕುಡಿಯುತ್ತಾ ಆ ಸಭೆಯ ವಿಡಿಯೋ ಹುಡುಕಿ ತೆಗೆದು ಹೆಂಡತಿಯ ಮಾತು ಕೇಳಿ ಹಣೆ ಚಚ್ಚಿಕೊಂಡ. "ಇಲ್ಲೇ ಹುಟ್ಟಿದ್ದು ಅಂತ ಬೇರೆ ಹೇಳಿದ್ದೀಯಲ್ಲೇ! ನಿನ್ನ ವಿನಯಕ್ಕಿಷ್ಟು ಬೆಂಕಿ ಹಾಕ."

"ಸಭೇಲಿ ಇನ್ನೇನು ಹೇಳ್ಬೇಕಿತ್ತು ರೀ?"

ವಿಡಿಯೋ ಮುಂದುವರಿದಿತ್ತು. ಅವಳು ಕೂತ ಮೇಲೆ ಯಜಮಾನರು ಮೈಕು ತೆಗೆದುಕೊಂಡಿದ್ದರು. ಅವರ ಮಾತು ಕೇಳುತ್ತಿದ್ದಂತೆ ಗಂಡನ ಕಿವಿ ನೆಟ್ಟಗಾಯಿತು. ಮತ್ತೆ ಹಾಕಿದ, ಮತ್ತೆ ಕೇಳಿದ, ತೊಡೆ ತಟ್ಟಿಕೊಂಡು ನಕ್ಕ. "ಸಾಕು ಬಿಡು. ಅವರು ನಿನ್ನ ಮಾತು ಹಿಡಿದ್ರೆ ನೀನು ಇದನ್ನ ಹಿಡ್ಕೋ" ಅಂದ. ಆಮೇಲೆ ಲೋಟ ಕೆಳಗಿಟ್ಟು, ದನಿ ತಗ್ಗಿಸಿ, "ಇನ್ನೊಂದು ವಿಷಯ. ಕನ್ನಡಕ ತಿರುಗಿಸಿದ್ದು, ಗಿರುಗಿಸಿದ್ದು, ಅದನ್ನೆಲ್ಲ ಅಲ್ಲಿ ಎತ್ತಬೇಡ. ಅವನು ಕಂಪನಿಯವನು. ಅವನ ಕೈ ತಗುಲಿದೆ ಅಂತ ಗೊತ್ತಾದ್ರೆ ತೋಳು ಪೂರ್ತಿ ಕಂಪನಿಯದ್ದಾಗುತ್ತೆ. ಅಂಗಡಿ ಮುಚ್ಚಬೇಕಾಗುತ್ತೆ. ಗೊತ್ತಾಯ್ತಾ?" ಅಂದ.

"ಯಾರೂ ಕೇಳದೆ ಇದ್ರೆ ನಾನ್ಯಾಕೆ ಎತ್ತಲಿ?"

"ಅಷ್ಟೇ. ಯಾರೂ ಕೇಳಲ್ಲ."

ಮಾಸ್ಟರಮ್ಮ ಮನಸ್ಸಿನಲ್ಲೇ ಕತೆಯನ್ನು ಜೋಡಿಸಿಕೊಂಡಳು. ಅಕ್ಕ ಬಿದ್ದದ್ದು, ಊಟದ ಮೇಜು, ಹಾಳಾದ ಬಟ್ಟೆ, ಗೆದ್ದ ತೋಳು. ಹತ್ತಾರು ಸಲ ಹೇಳಿಕೊಂಡಳು. ಮೊದಮೊದಲು ಕನ್ನಡಕ ಬರುವ ಜಾಗದಲ್ಲಿ ನಾಲಿಗೆ ತಡವರಿಸುತ್ತಿತ್ತು. ಬುಧವಾರ ಸಂಜೆಯ ಹೊತ್ತಿಗೆ ತಡವರಿಸುವುದು ನಿಂತಿತ್ತು, ಅವಳಿಗೆ ಹೆದರಿಕೆಯಾದದ್ದು ಅದಕ್ಕೇ.

ಗುರುವಾರ ಮಾಸ್ಟರಮ್ಮ ಹೋಗಿ ಮಹಡಿಯ ಗಾಜಿನ ಕೋಣೆಯಲ್ಲಿ ಕೂತಳು. ಗಾಜಿನಾಚೆ ಅವಳು ನಿಂತು ಕೆಲಸ ಮಾಡುತ್ತಿದ್ದ ಮೇಜು ಕಾಣುತ್ತಿತ್ತು. ಈಗ ಅದರ ಮೇಲೊಂದು ದೊಡ್ಡ ಕಂಪ್ಯೂಟರ್ ಕೂತಿತ್ತು. ಕೆಳಗಿನಿಂದ ಮಿಷನ್ನುಗಳ ಸದ್ದು ಬರುತ್ತಿತ್ತು. ಇಷ್ಟು ವರ್ಷ ಕಿವಿಗೇ ಬೀಳದಿದ್ದ ಸದ್ದು ಇವತ್ತು ತಲೆಗೆ ಬಡಿಯುತ್ತಿತ್ತು. ಚಿಕ್ಕ ಮೇಡಂ ನೀರು ತರಿಸಿದಳು. ಲಾಯರ್ ಕನ್ನಡಿ ನೋಡಿಕೊಂಡು ಬಂದವರ ಹಾಗೆ ಅಚ್ಚುಕಟ್ಟಾಗಿದ್ದರು.

"ಅಮ್ಮಾ, ಇದರಲ್ಲಿ ಮನಸ್ತಾಪ ಏನೂ ಇಲ್ಲ" ಅಂದರು ಲಾಯರ್. "ಕೆಲಸಕ್ಕೆ ಸೇರುವಾಗ ನೀವೇ ಸೈನ್ ಹಾಕಿದ್ದೀರಿ. ಕೆಲಸದಲ್ಲಿದ್ದಾಗ ಮಾಡಿದ್ದೆಲ್ಲ ಕಂಪನಿಗೆ ಸೇರಬೇಕು ಅಂತ."

"ಹಾಕಿದ್ದೀನಿ ಸಾರ್. ಆದ್ರೆ ಇದು ಅದಕ್ಕಿಂತ ಮುಂಚಿನದ್ದು. ನಮ್ಮಕ್ಕನಿಗೆ ಅಂತ ಮನೇಲಿ ಮಾಡಿದ್ದು."

"ಆ ಕೋಟು ಇದೆಯಾ? ತೋರಿಸಿ."

"ಬಿಚ್ಚಿ ರಟ್ಟಿಗೆ ಬರ್ಕೊಂಡೆ. ಆಮೇಲೆ ಅದರಲ್ಲೇ ಮಿಷನ್ ಒರೆಸಿದ್ವಿ."

ಲಾಯರ್ ಚಿಕ್ಕ ಮೇಡಂ ಕಡೆ ನೋಡಿ ಸಣ್ಣಗೆ ನಕ್ಕರು. ಆಮೇಲೆ ಲ್ಯಾಪ್‌ಟಾಪ್ ತಿರುಗಿಸಿ ವಿಡಿಯೋ ಹಾಕಿದರು. ವೇದಿಕೆಯ ಮೇಲೆ ಮಾಸ್ಟರಮ್ಮ ಗಡಿಯಾರ ತಬ್ಬಿಕೊಂಡು "ಇದರಲ್ಲಿ ನನ್ನದೇನಿದೆ? ಎಲ್ಲ ಕಂಪನಿಯದೇ" ಅಂದಳು. ಅವಳ ಮಾತು ಅವಳಿಗೇ ಮೊಳೆ ಹೊಡೆದ ಹಾಗೆ ಕೇಳಿಸಿತು.

"ನಿಲ್ಲಿಸಬೇಡಿ ಸಾರ್" ಅಂದಳು. "ಇನ್ನೊಂದು ಸ್ವಲ್ಪ ಮುಂದೆ ಹೋಗ್ಲಿ."

ಯಜಮಾನರು ಮೈಕು ಹಿಡಿದು ಬಂದರು. "ಈ ಕಂಪನಿ ನಂದು ಅಂತ ಜನ ಅಂತಾರೆ. ಅದೆಲ್ಲ ಸುಳ್ಳು. ಇದು ಇಲ್ಲಿ ದುಡಿಯೋ ಒಬ್ಬೊಬ್ಬರದ್ದೂ. ನಾನು ಬರೀ ಬೀಗದ ಕೈ ಇಟ್ಕೊಂಡಿರೋನು!" ಮತ್ತೆ ಚಪ್ಪಾಳೆ.

"ನನ್ನ ಮಾತನ್ನ ಹಿಡಿಯೋದಾದ್ರೆ ಅವರ ಮಾತನ್ನೂ ಹಿಡೀಬೇಕಲ್ವಾ ಸಾರ್?" ಅಂದಳು ಮಾಸ್ಟರಮ್ಮ.

"ಅಮ್ಮಾ, ಅದು ಸಭೇಲಿ ಆಡೋ ಮಾತು. ಎಲ್ಲರೂ ಹಾಗೇ ಹೇಳ್ತಾರೆ."

"ನಾನೂ ಸಭೇಲೇ ಹೇಳಿದ್ದು."

ಚಿಕ್ಕ ಮೇಡಂ ನಗು ತಡೆಯಲಾರದೆ ನಕ್ಕುಬಿಟ್ಟಳು. ಆಮೇಲೆ ಅಪ್ಪ ನಿಂತಿದ್ದ ಆ ಪರದೆಯನ್ನೇ ನೋಡುತ್ತಾ ಕೂತಳು, ಕಣ್ಣು ಒದ್ದೆಯಾಗಿತ್ತು. "ವಿಡಿಯೋ ಬಿಡಿ ಸಾರ್. ಇಬ್ಬರದ್ದೂ ಬಿಡೋಣ. ಅಪ್ಪ ಹಾಗೆ ಮಾತಾಡ್ತಾ ಮಾತಾಡ್ತಾನೇ ನಮ್ಮನ್ನೆಲ್ಲ ಸಾಕಿದ್ರು" ಅಂದಳು. ಮಾಸ್ಟರಮ್ಮನಿಗೆ ಹೋದ ಜೀವ ಬಂದಂತಾಯಿತು. ಗೆದ್ದೆ ಅಂದುಕೊಂಡು ಸೆರಗಿನಿಂದ ಮುಖ ಒರೆಸಿಕೊಂಡಳು. ಅಷ್ಟರಲ್ಲಿ ಚಿಕ್ಕ ಮೇಡಂ ಮುಂದುವರಿದಳು. "ಅವರಿವರ ಮಾತು ಯಾಕೆ? ಅವತ್ತು ಸ್ಯಾಂಪಲ್ ಹೊಲಿದವರು ಕೆಳಗೇ ಇದ್ದಾರೆ. ಅವರನ್ನೇ ಕೇಳೋಣ. ಅವರು ಏನಂತಾರೋ ಅದೇ ಕೊನೆ."

ಮಾಸ್ಟರಮ್ಮನ ಕೈ ಸೆರಗಿನಲ್ಲೇ ನಿಂತಿತು. ಯಾರೂ ಕೇಳಲ್ಲ ಅಂದಿದ್ದ ಗಂಡನ ಮೇಲೆ ಸಿಟ್ಟು ಬಂತು, ತನ್ನ ಮೇಲೂ ಬಂತು. ಕನ್ನಡಕ ಸುಳ್ಳು ಹೇಳಿದ್ದನ್ನು ಅವಳು ಒಂದು ಸಲವೂ ಕಂಡಿರಲಿಲ್ಲ. ಒಂದು ಬೆರಳು ತಿರುಗಿಸಿದೆ ಅಂತ ಅವನು ಇದ್ದದ್ದು ಇದ್ದ ಹಾಗೆ ಹೇಳಿದರೆ ಮುಗಿಯಿತು. ದಾದಿಯರ ಕೋಟು, ಶಟರಿನ ಬಾಡಿಗೆ, ಅಕ್ಕನ ಕೈ, ಎಲ್ಲವೂ ಆ ಮೆಟ್ಟಿಲು ಹತ್ತಿ ಬರುತ್ತಿದ್ದ ಹೆಜ್ಜೆಗಳ ಮೇಲೆ ನಿಂತಿತ್ತು.

ಕನ್ನಡಕ ಬಾಗಿಲಲ್ಲಿ ನಿಂತ. ಅಂಗಿಯ ತುಂಬ ನೂಲಿನ ಎಳೆಗಳು. ಕೂರಲು ಹೇಳಿದರೂ ಕೂರಲಿಲ್ಲ. ಮಾಸ್ಟರಮ್ಮನ ಕಡೆ ಒಂದು ಸಲ ನೋಡಿ ಗಾಜು ಒರೆಸಿಕೊಂಡ.

"ಈ ತೋಳು ಮಾಸ್ಟರಮ್ಮ ಹೊರಗಿಂದ ತಂದಿದ್ದಾ, ಇಲ್ಲಿ ಆಗಿದ್ದಾ?" ಲಾಯರ್ ಕೇಳಿದರು.

"ಅವರೇ ತಂದಿದ್ದು."

"ಹಾಗೇ ಹೊಲಿದ್ರಾ? ನೀವು ಏನಾದ್ರೂ ಬದಲಾಯಿಸಿದ್ರಾ?"

ಕನ್ನಡಕ ಗಾಜನ್ನು ಮೂಗಿಗೇರಿಸಿ, ಅಂಗಿಯ ಮೇಲಿನ ಒಂದು ನೂಲಿನ ಎಳೆ ಕಿತ್ತು ಬೆರಳಿಗೆ ಸುತ್ತಿಕೊಂಡ. "ನಾನೇನು ಬದಲಾಯಿಸ್ಲಿ ಸಾರ್?" ಅಂದ ಕೊನೆಗೆ. "ರಟ್ಟು ಕೊಟ್ರು, ಹೊಲಿದೆ. ಅಂಥದ್ದೆಲ್ಲ ನನ್ನ ತಲೆಗೆ ಎಲ್ಲಿ ಹೊಳೆಯುತ್ತೆ?"

ಲಾಯರ್ ಮಾಸ್ಟರಮ್ಮನ ಕಡೆ ತಿರುಗಿದರು. "ಇವರು ಹೇಳ್ತಿರೋದು ಸರೀನಾ ಅಮ್ಮ?"

ಅವಳನ್ನೂ ಕೇಳುತ್ತಾರೆಂದು ಅವಳು ಎಣಿಸಿರಲಿಲ್ಲ. ಗೊಂಬೆಯ ಭುಜದಿಂದ ತೋಳು ಬಿಚ್ಚುತ್ತಿದ್ದ ಅವನ ಬೆರಳುಗಳು ಕಣ್ಣ ಮುಂದೆ ಬಂದವು. "ಹೀಗಿದ್ರೆ ಆಗಲ್ವಾ ಮಾಸ್ಟರಮ್ಮ" ಅಂದ ದನಿ ಕಿವಿಯಲ್ಲೇ ಇತ್ತು. ಎದುರಿಗಿದ್ದ ಕನ್ನಡಕ ನೆಲ ನೋಡುತ್ತಿದ್ದ. ಮೂವರೂ ಕಾಯುತ್ತಿದ್ದರು.

"ಸರಿ" ಅಂದಳು.

ಅಷ್ಟಕ್ಕೇ ಮುಗಿಯಿತು. ಕಂಪನಿ ತನ್ನ ಕೋಟುಗಳಿಗೆ ಆ ತೋಳನ್ನು ಮೊದಲಿನಂತೆ ಹಾಕಿಕೊಳ್ಳಬಹುದು, ಮಾಸ್ಟರಮ್ಮ ತನ್ನ ಅಂಗಡಿಯಲ್ಲಿ ಹಾಕಬಹುದು, ತೋಳು ಅವಳದ್ದೇ ಎಂದು ಬರೆದು ಇಬ್ಬರೂ ಸಹಿ ಮಾಡಿದರು. ಚಿಕ್ಕ ಮೇಡಂ ಬಾಗಿಲವರೆಗೂ ಬಂದು ಬೀಳ್ಕೊಟ್ಟಳು. "ಮೊದಲೇ ಹೀಗೆ ಹೇಳಿದ್ರೆ ಆಗ್ತಿತ್ತಲ್ಲ ಮಾಸ್ಟರಮ್ಮ, ಸುಮ್ನೆ ಹೆದರಿಸಿಬಿಟ್ವಿ ನಿಮ್ಮನ್ನ" ಅಂದಳು. ಅವಳ ಒಳ್ಳೆಯ ಮಾತು ಮಾಸ್ಟರಮ್ಮನನ್ನು ಇನ್ನಷ್ಟು ಚುಚ್ಚಿತು.

ಕೆಳಗೆ ಕುಡಿಯುವ ನೀರಿನ ನಲ್ಲಿಯ ಹತ್ತಿರ ಕನ್ನಡಕ ಸಿಕ್ಕಿದ.

"ಯಾಕೋ ಹಾಗಂದೆ, ಮಾರಾಯ?"

"ಮತ್ತೇನನ್ಲಿ? ಒಂದು ಬೆರಳಿನ ವಿಷಯಕ್ಕೆ ನಿಮ್ಮ ಅಂಗಡಿ ಮುಚ್ಚಿಸ್ಲಾ?" ಅವನು ಲೋಟದಲ್ಲಿದ್ದ ನೀರು ಕುಡಿದು ಮುಗಿಸಿದ. ಆಮೇಲೆ ಅವಳು ಎಂದೂ ಕಾಣದ ಒಂದು ನಗು ನಕ್ಕ. "ಲಾಯರ್ ನಿಮ್ಮ ಕಡೆ ತಿರುಗಿದ್ರಲ್ಲ, ಆಗ ಮಾತ್ರ ಒಂದು ಗಳಿಗೆ ನೀವು ಹೇಳೇ ಬಿಡ್ತೀರೇನೋ ಅನ್ಕೊಂಡೆ."

ಹೇಳಿಬಿಡುತ್ತಾಳೆಂದು ಅವನು ಹೆದರಿದ್ದನೋ, ಆಸೆಪಟ್ಟಿದ್ದನೋ, ಮಾಸ್ಟರಮ್ಮನಿಗೆ ತಿಳಿಯಲಿಲ್ಲ. ಅವನು ಲೋಟ ತೊಳೆದಿಟ್ಟು ಮಿಷನ್ನಿಗೆ ಹೋದ.

ಮನೆಯಲ್ಲಿ ಸಡಗರ. ಗಂಡ ಅಂಗಡಿಯ ಮುಂದೆ ನಿಂತು ಬೀಗದ ಕೈಯವನಿಗೂ ಜೆರಾಕ್ಸಿನವನಿಗೂ ಯಜಮಾನರ ವಿಡಿಯೋದ ಕತೆಯನ್ನು ಉಪ್ಪುಖಾರ ಹಚ್ಚಿ ಹೇಳಿದ. ಅಕ್ಕ ಆ ತೋಳಿನ ಕೋಟು ಹಾಕಿಕೊಂಡು ಬಂದು ಕೈಯನ್ನು ಮೇಲಕ್ಕೆ, ಇನ್ನೂ ಮೇಲಕ್ಕೆ ಎತ್ತಿ, ತಂಗಿಯ ಕೆನ್ನೆ ಹಿಂಡಿದಳು. ಮಾಸ್ಟರಮ್ಮ ನಕ್ಕಳು. ನಲ್ಲಿಯ ಹತ್ತಿರ ಕನ್ನಡಕ ಅಂದದ್ದನ್ನು ಯಾರಿಗೂ ಹೇಳಲಿಲ್ಲ.

ಕೆಲಸ ಕೈ ಹತ್ತಿತು. ಸಾದಾ ತೋಳು ಕಲಿಯಬೇಕಾದ ಪಾಡು ತಪ್ಪಿತು. ಒಳ್ಳೆಯ ಟೈಲರ್ ಒಬ್ಬ ಬೇಕಾದಾಗ ಗಂಡ ಮೊದಲು ಹೇಳಿದ ಹೆಸರೇ ಕನ್ನಡಕನದ್ದು. "ನೋಡೋಣ" ಅಂದಳು ಮಾಸ್ಟರಮ್ಮ. ಅವನು ಬಂದರೆ ದಿನವಿಡೀ ಎದುರಿನ ಮಿಷನ್ನಿನಲ್ಲೇ ಕೂರುತ್ತಾನೆ, ಅದೇ ತೋಳನ್ನು ಕೂಡಿಸುತ್ತಾನೆ, ಒಂದು ಮಾತೂ ಆಡುವುದಿಲ್ಲ. ಬೇರೆ ಯಾರನ್ನೋ ಕರೆದಳು. ಕನ್ನಡಕನ ಕಣ್ಣು ಇನ್ನಷ್ಟು ಮಂಜಾಯಿತೆಂದೂ, ಸ್ಯಾಂಪಲ್ ಕೆಲಸ ಬಿಡಿಸಿ ಗುಂಡಿ ಹಚ್ಚುವ ಕೆಲಸಕ್ಕೆ ಹಾಕಿದರೆಂದೂ ಆಮೇಲೆ ಯಾರೋ ಹೇಳಿದರು. ಹೋಗಿ ನೋಡಿ ಬರಬೇಕು ಅಂದುಕೊಂಡಳು. ಇವತ್ತಿಗೂ ಹಾಗೇ ಅಂದುಕೊಳ್ಳುತ್ತಾಳೆ.

ಹೊಸ ಕೋಟು ತೊಟ್ಟು, ಕನ್ನಡಿಯ ಮುಂದೆ ಕೈ ಎತ್ತಿ ಇಳಿಸಿ ನೋಡಿದ ದಾದಿ ಯಾರಾದರೂ "ಎಂಥಾ ತೋಳು ಮಾಸ್ಟರಮ್ಮ, ಇದು ಹೇಗೆ ಹೊಳೆಯಿತು ನಿಮಗೆ?" ಅನ್ನುತ್ತಾಳೆ. ಇದರಲ್ಲಿ ನನ್ನದೇನಿದೆ ಅನ್ನಲು ಮಾಸ್ಟರಮ್ಮ ಬಾಯಿ ತೆರೆಯುತ್ತಾಳೆ, ಹಾಗೇ ಮುಚ್ಚುತ್ತಾಳೆ. ವಿನಯಕ್ಕೆ ಆಡುತ್ತಿದ್ದ ಮಾತು ಅದು. ಅದರಲ್ಲಿ ನಿಜ ಸೇರಿಕೊಂಡ ಮೇಲೆ ಆಡುವುದು ಹೇಗೆ? ತಲೆ ತಗ್ಗಿಸಿ, ಮುಂದಿನವರನ್ನು ಕರೆದು, ಟೇಪು ಹಿಡಿದು ಅಳತೆ ತೆಗೆದುಕೊಳ್ಳಲು ಶುರು ಮಾಡುತ್ತಾಳೆ. ಸ್ವಂತ ಅಂಗಡಿ ಹಾಕಿದ ಮೇಲೆ ಮಾಸ್ಟರಮ್ಮನಿಗೆ ಜಂಬ ಬಂದಿದೆ ಎಂದು ಬೀದಿಯವರು ಮಾತಾಡಿಕೊಳ್ಳುತ್ತಾರೆ.